ಜರ್ನಲ್ ಚಂದಾ ವಿಭಾಗಕ್ಕೆ ಹೊಸಬಳು ನಾನು. ಯಾವುದನ್ನು ಬಿಡಬೇಕು ಎಂದು ಹೇಗೆ ತೀರ್ಮಾನಿಸುತ್ತೀರಿ?

ಪ್ರಶ್ನೆ

ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ 6 ವರ್ಷ ಪುಸ್ತಕಗಳ ಕ್ಯಾಟಲಾಗಿಂಗ್ ಮಾಡಿದೆ. ಮೂರು ತಿಂಗಳ ಹಿಂದೆ ಜರ್ನಲ್ ಚಂದಾ ವಿಭಾಗಕ್ಕೆ ಹಾಕಿದರು. ಪುಸ್ತಕವಾದರೆ ಒಂದು ಸಲ ಕೊಂಡರೆ ಮುಗಿಯಿತು. ಇಲ್ಲಿ ಯಾವುದೂ ಮುಗಿಯುವುದೇ ಇಲ್ಲ. ಒಂದು ಸಂಚಿಕೆ ಬಂತು ಅನ್ನುವಷ್ಟರಲ್ಲಿ ಮುಂದಿನದು ಬಾಕಿ.

ಈಗ ರಿನ್ಯೂವಲ್ ಸಮಯ. ಬಜೆಟ್ ಹೋದ ವರ್ಷದಷ್ಟೇ ಇದೆ, ದರ ಏರಿದೆ. 40 ಜರ್ನಲ್ ಕೈಬಿಡಿ ಎಂದಿದ್ದಾರೆ. ಪ್ರತಿ ಜರ್ನಲ್‌ನ ಚಂದಾ ಹಣವನ್ನು ಅದರ ವರ್ಷದ ಬಳಕೆಯಿಂದ ಭಾಗಿಸಿದೆ. ಒಂದು ಓದಿಗೆ ಎಷ್ಟು ಖರ್ಚು ಎಂಬ ಲೆಕ್ಕ ಬಂತು. ಜಾಸ್ತಿ ಬಂದ ಮೊದಲ 40ಕ್ಕೆ ಕೆಂಪು ಬಣ್ಣ ಹಾಕಿದ್ದೇನೆ. ಅದರಲ್ಲಿ 11ರ ಮುಂದೆ ಬಳಕೆ ಸೊನ್ನೆ.

ಇಷ್ಟು ಸಾಕಾ? ಪಟ್ಟಿ ಕಳಿಸಲು ಧೈರ್ಯ ಬರುತ್ತಿಲ್ಲ.

ಉತ್ತರ 1

ಮೇಡಂ, ಈಗಲೇ ಕಳಿಸಬೇಡಿ. ಮೊದಲು ಆ 11 ಸೊನ್ನೆಗಳನ್ನು ಒಂದೊಂದಾಗಿ ನೋಡಿ.

ನಾನು ಈ ಕೆಲಸಕ್ಕೆ ಬಂದು 19 ವರ್ಷ ಆಯಿತು. ಮೂರನೇ ವರ್ಷದಲ್ಲಿ ಇಂಥದೇ ಒಂದು ಸೊನ್ನೆ ನೋಡಿ ಒಂದು ಜರ್ನಲ್ ನಿಲ್ಲಿಸಿದ್ದೆ. ಫೆಬ್ರವರಿಯಲ್ಲಿ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಬಂದು, ‘ಲಿಂಕ್ ತೆರೆಯುತ್ತಿಲ್ಲ’ ಎಂದಳು. ಪ್ರಬಂಧ ಸಲ್ಲಿಸಲು ಅವಳಿಗೆ ಎರಡು ತಿಂಗಳಷ್ಟೇ ಉಳಿದಿತ್ತು. ಹುಡುಕಿದಾಗ ತಿಳಿಯಿತು, ಆ ಜರ್ನಲ್ ಹೆಸರು ಬದಲಾಯಿಸಿಕೊಂಡಿತ್ತು. ಹೆಸರು ದೊಡ್ಡದಾಗಿ ಬದಲಾದರೆ ಹೊಸ ಐಎಸ್‌ಎಸ್‌ಎನ್, ಅಂದರೆ ಜರ್ನಲ್‌ನ ಗುರುತು ಸಂಖ್ಯೆ, ಬರುತ್ತದೆ. ನಮ್ಮ ಆರ್ಡರ್ ದಾಖಲೆಯಲ್ಲಿ ಹಳೆಯದೇ ಇತ್ತು. ಬಳಕೆಯೆಲ್ಲ ಹೊಸ ಹೆಸರಿನ ಸಾಲಿನಲ್ಲಿತ್ತು. ಆ ಸಾಲನ್ನು ‘ನಮ್ಮ ಪಟ್ಟಿಯಲ್ಲಿ ಇಲ್ಲ’ ಎಂದು ನಾನೇ ಅಳಿಸಿಬಿಟ್ಟಿದ್ದೆ. ಚಂದಾ ಮತ್ತೆ ಶುರುವಾಗುವಷ್ಟರಲ್ಲಿ ಏಪ್ರಿಲ್. ಅಲ್ಲಿಯವರೆಗೆ ಅವಳಿಗೆ ಬೇಕಾದ ಒಂದೊಂದು ಲೇಖನವನ್ನೂ ಬೇರೆ ಲೈಬ್ರರಿಗಳಿಂದ ತರಿಸಿಕೊಟ್ಟೆ. ಅವಳ ಮುಖ ಇನ್ನೂ ನೆನಪಿದೆ.

ಆಮೇಲೆ ಎಕ್ಸೆಲ್ ನೋಡಿ. ಐಎಸ್‌ಎಸ್‌ಎನ್‌ನಲ್ಲಿ 8 ಅಂಕೆ. ನಡುವಿನ ಗೆರೆ ಬಿಟ್ಟು ಟೈಪ್ ಮಾಡಿದರೆ ಆರಂಭದ ಸೊನ್ನೆಗಳು ಹಾರಿಹೋಗುತ್ತವೆ. ‘ನೇಚರ್’ ಮುದ್ರಿತ ಆವೃತ್ತಿಯ ಸಂಖ್ಯೆ 0028-0836. ಅದು 280836 ಆಗಿ ಕೂತರೆ ಯಾವ ವರದಿಗೂ ಹೊಂದುವುದಿಲ್ಲ. ಜೊತೆಗೆ ಅದರ ಆನ್‌ಲೈನ್ ಆವೃತ್ತಿಗೆ ಬೇರೆಯೇ ಸಂಖ್ಯೆ, 1476-4687. ಎರಡನ್ನೂ ಇಟ್ಟುಕೊಂಡು ಹೋಲಿಸಿ.

ಇನ್ನು ಮುಖ್ಯ ಮಾತು. ಎಷ್ಟು ಓದಿದರು ಅನ್ನುವುದಷ್ಟೇ ಸಾಲದು, ಯಾವ ವರ್ಷದ ಲೇಖನ ಓದಿದರು ಅನ್ನುವುದು ಬೇಕು. ಪ್ರಕಾಶಕರು ಒಂದೇ ನಮೂನೆಯಲ್ಲಿ ಕೊಡುವ ಬಳಕೆಯ ವರದಿಗಳಿಗೆ ಕೌಂಟರ್ ವರದಿ ಅನ್ನುತ್ತಾರೆ. ಅವುಗಳಲ್ಲಿ ಟಿಆರ್-ಜೆ1 ಒಟ್ಟು ಬಳಕೆ ಕೊಡುತ್ತದೆ. ಟಿಆರ್-ಜೆ4 ಅದನ್ನೇ ಪ್ರಕಟಣೆಯ ವರ್ಷದ ಪ್ರಕಾರ ಬಿಡಿಸಿ ತೋರಿಸುತ್ತದೆ. ಒಂದು ಜರ್ನಲ್‌ಗೆ 300 ಬಳಕೆ ಇದೆ ಅನ್ನಿ. ಅದರಲ್ಲಿ 260 ಹಳೆಯ ವರ್ಷಗಳದ್ದು, ಆ ವರ್ಷಗಳ ಮೇಲೆ ನಿಮಗೆ ಶಾಶ್ವತ ಹಕ್ಕು ಇದೆ ಅಂದರೆ, ಚಂದಾ ನಿಲ್ಲಿಸಿದರೂ ಓದುಗರು ಕಳೆದುಕೊಳ್ಳುವುದು 40 ಮಾತ್ರ. ಬರೀ 60 ಬಳಕೆಯ ಇನ್ನೊಂದು ಜರ್ನಲ್‌ನಲ್ಲಿ ಎಲ್ಲವೂ ಈ ವರ್ಷದ ಲೇಖನಗಳೇ ಇರಬಹುದು. ಅದನ್ನು ನಿಲ್ಲಿಸಿದರೆ 60ಕ್ಕೆ 60 ಹೋಯಿತು. ನಿಮ್ಮ ಕೆಂಪು ಪಟ್ಟಿಯಲ್ಲಿ ಇದು ಕಾಣುವುದೇ ಇಲ್ಲ, ಅಲ್ವಾ?

ಎಣಿಸುವಾಗ ‘ಯೂನಿಕ್ ಐಟಂ ರಿಕ್ವೆಸ್ಟ್ಸ್’ ಕಾಲಂ ತೆಗೆದುಕೊಳ್ಳಿ. ಒಬ್ಬರೇ ಒಂದು ಲೇಖನವನ್ನು ವೆಬ್ ಪುಟದಲ್ಲಿ ತೆರೆದು ಪಿಡಿಎಫ್ ಕೂಡ ಇಳಿಸಿಕೊಂಡರೆ ‘ಟೋಟಲ್’ ಅದನ್ನು 2 ಎಂದು ಎಣಿಸುತ್ತದೆ, ಯೂನಿಕ್ 1 ಎಂದು.

ಉತ್ತರ 2

ಮೇಲಿನವರು ಹೇಳಿದ ಶಾಶ್ವತ ಹಕ್ಕನ್ನು ಲೈಸೆನ್ಸ್ ಪತ್ರದಲ್ಲೇ ಓದಿ ಖಚಿತ ಮಾಡಿಕೊಳ್ಳಿ. ಏಜೆಂಟ್ ಫೋನಿನಲ್ಲಿ ‘ಇರುತ್ತೆ ಮೇಡಂ’ ಎಂದರೆ ನಂಬಿ ಕೂರಬೇಡಿ. ಪ್ಯಾಕೇಜ್ ಮೂಲಕ, ಅಂದರೆ ಹಲವು ಜರ್ನಲ್‌ಗಳ ಕಟ್ಟಿನಲ್ಲಿ, ಬರುವ ಎಷ್ಟೋ ಜರ್ನಲ್‌ಗಳಿಗೆ ಆ ಹಕ್ಕು ಇರುವುದಿಲ್ಲ. ಅದೇ ಪತ್ರದಲ್ಲಿ, ಚಂದಾ ಬೇಡ ಎಂದು ಎಷ್ಟು ದಿನ ಮುಂಚೆ ತಿಳಿಸಬೇಕು ಎಂದೂ ಇರುತ್ತದೆ. ಆ ತಾರೀಖು ದಾಟಿದರೆ ನಿಮ್ಮ ಪಟ್ಟಿ ಎಷ್ಟು ಸರಿಯಿದ್ದರೂ ಇನ್ನೊಂದು ವರ್ಷದ ಬಿಲ್ ಬರುತ್ತದೆ.

ಪ್ರಶ್ನೆ ಕೇಳಿದವರು

ಎರಡು ದಿನ ಕೂತು ನೋಡಿದೆ. 11ರಲ್ಲಿ 4 ಎಕ್ಸೆಲ್ ನುಂಗಿದ ಸೊನ್ನೆಗಳು. 2 ಹೆಸರು ಬದಲಾದವು. 1 ಮುದ್ರಿತ ಪ್ರತಿ ಮಾತ್ರ ಬರುವಂಥದ್ದು, ಅದಕ್ಕೆ ಆನ್‌ಲೈನ್ ಬಳಕೆ ಎಲ್ಲಿಂದ ಬರಬೇಕು! ನಿಜವಾದ ಸೊನ್ನೆ 4 ಅಷ್ಟೇ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ಒಂದು ಮಾತ್ರ ಬಗೆಹರಿಯಲಿಲ್ಲ. ಗಣಿತದ ಒಂದು ಜರ್ನಲ್, ವರ್ಷಕ್ಕೆ 14 ಬಳಕೆ. ವೈದ್ಯಕೀಯ ಜರ್ನಲ್‌ಗಳ ಪಕ್ಕದಲ್ಲಿ ಅದು ಏನೂ ಅಲ್ಲ. ಬಿಟ್ಟುಬಿಡಲಾ?

ಉತ್ತರ 1

ಗಣಿತವನ್ನು ವೈದ್ಯಕೀಯದ ಪಕ್ಕ ಇಟ್ಟು ಅಳೆಯಬೇಡಿ. ವೈದ್ಯಕೀಯದವರು ದಿನಕ್ಕೆ ಹತ್ತು ಲೇಖನ ತೆರೆದು ನೋಡುತ್ತಾರೆ. ಗಣಿತದವರು ಒಂದೇ ಲೇಖನ ಇಳಿಸಿಕೊಂಡು ತಿಂಗಳುಗಟ್ಟಲೆ ಅದರ ಜೊತೆ ಕೂರುತ್ತಾರೆ. ಆ ಓದು ಯಾವ ವರದಿಯಲ್ಲೂ ಬರುವುದಿಲ್ಲ. ಗಣಿತದ ಜರ್ನಲ್‌ಗಳನ್ನೇ ಬೇರೆ ಹಾಳೆಗೆ ಹಾಕಿ, ಅವುಗಳ ನಡುವೆ ಈ 14 ಎಲ್ಲಿ ನಿಲ್ಲುತ್ತದೆ ನೋಡಿ. ಆಮೇಲೆ ಆ ವಿಭಾಗಕ್ಕೆ ನಡೆದು ಹೋಗಿ. ಮೇಲ್ ಕಳಿಸಿ ಸುಮ್ನೆ ಕಾಯಬೇಡಿ, ಉತ್ತರ ಬರುವುದು ಕಡಿಮೆ. ‘ಇವೆರಡರಲ್ಲಿ ಒಂದನ್ನೇ ಉಳಿಸಬಹುದು, ಯಾವುದು ಬೇಕು’ ಎಂದು ಎದುರಿಗೆ ಕೇಳಿ. ‘ಇದು ಬೇಕಾ’ ಎಂದು ಕೇಳಿದರೆ ಎಲ್ಲರೂ ಬೇಕು ಎಂದೇ ಹೇಳುತ್ತಾರೆ.

ಕೈಬಿಟ್ಟ ಪ್ರತಿಯೊಂದರ ಮುಂದೆ ಕಾರಣ, ತಾರೀಖು, ಯಾರನ್ನು ಕೇಳಿದಿರಿ ಎಂದು ಬರೆದಿಡಿ. ಫೆಬ್ರವರಿಯಲ್ಲಿ ಯಾರಾದರೂ ಬಂದು ಕೇಳಿದಾಗ ತೆರೆದು ತೋರಿಸಲು ಬೇಕಾಗುತ್ತದೆ.