ಅಂಗಡಿ ಕಂಪ್ಯೂಟರ್‌ನಲ್ಲಿ ಮಾತ್ರ ಸೈಟ್ ತೆರೆಯುತ್ತಿಲ್ಲ

ಗಂಗಾವತಿಯಲ್ಲಿ ಝೆರಾಕ್ಸ್ ಅಂಗಡಿ ನನ್ನದು. ಪಹಣಿಗೆ ರೈತರು ಬೆಳಿಗ್ಗೆಯೇ ಬಂದು ಕೂರುತ್ತಾರೆ. ಕರೆಂಟ್ ಹೋಗಿ ಬಂದರೆ ಸಾಕು, ಯಾವ ಸೈಟೂ ತೆರೆಯಲ್ಲ. ‘ಸಂಪರ್ಕ ಸುರಕ್ಷಿತವಲ್ಲ’ ಅಂತ ಬರುತ್ತದೆ. ಅದೇ ವೈಫೈನಲ್ಲಿ ಮೊಬೈಲ್ ಸರಿ ಇದೆ. ಏನು ಮಾಡಲಿ?

ಉತ್ತರ: ಅಣ್ಣಾ, ಕೆಳಗಡೆ ಮೂಲೆಯ ತಾರೀಖು ನೋಡಿ. ಹಿಂದಕ್ಕೆ ಹೋಗಿದ್ದರೆ, ಸೈಟಿನ ಸರ್ಟಿಫಿಕೇಟಿನ (ಸೈಟ್ ಅಸಲಿ ಅಂತ ತೋರಿಸುವ ಡಿಜಿಟಲ್ ಪತ್ರ) ಅವಧಿ ಇನ್ನೂ ಶುರುವೇ ಆಗಿಲ್ಲ ಅಂತ ಬ್ರೌಸರ್ ತಿಳಿಯುತ್ತದೆ. ತಾರೀಖು ಸರಿ ಮಾಡಿ, ಕರೆಂಟ್ ಹೋದಾಗ ಅದನ್ನು ಉಳಿಸುವ ಮದರ್‌ಬೋರ್ಡಿನ ಗುಂಡು ಸೆಲ್ ಬದಲಿಸಿ, ಸಾಮಾನ್ಯವಾಗಿ ಸಿಆರ್ 2032 ಇರುತ್ತದೆ.

ಹೌದು, 2009 ಅಂತಿತ್ತು! ಸರಿ ಮಾಡಿದೆ, ತೆರೆಯಿತು. ಒಂದೆರಡು ಸೈಟ್ ಮಾತ್ರ ಇನ್ನೂ ಇಲ್ಲ.

ಇನ್ನೊಂದು ಉತ್ತರ: ವಿಂಡೋಸ್ 7 ಅಲ್ವಾ? ಸೈಟ್‌ಗಳಿಗೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ನೆಚ್ಚಿಕೊಂಡಿದ್ದ ಹಳೇ ರೂಟ್ ಸರ್ಟಿಫಿಕೇಟ್ (ಉಳಿದ ಸರ್ಟಿಫಿಕೇಟ್‌ಗಳಿಗೆ ಬುಡದಂಥದ್ದು) 2021ರ ಸೆಪ್ಟೆಂಬರ್ 30ಕ್ಕೇ ಮುಗಿದಿದೆ. ಫೈರ್‌ಫಾಕ್ಸ್ 115 ಬ್ರೌಸರ್ ಹಾಕಿ, ವಿಂಡೋಸ್‌ನ ಹಳೇ ಪಟ್ಟಿ ನೆಚ್ಚದೆ ಅದಕ್ಕೆ ತನ್ನದೇ ರೂಟ್ ಪಟ್ಟಿ ಇದೆ. ಎಚ್ಚರಿಕೆ ದಾಟಿ ಸುಮ್ನೆ ಮುಂದೆ ಹೋಗಬೇಡಿ. ಜನ ನಿಮ್ಮನ್ನು ನಂಬಿ ಆಧಾರ್ ನಂಬರ್ ಹೇಳುತ್ತಾರೆ.