ಅಪ್‌ಡೇಟ್: ಮಗಳ ಮಣ್ಣಿನ ಕೋಟೆ ಕೊನೆಗೂ ನಿಂತಿತು

ಪುಣೆಯಲ್ಲಿ ಶಾಲೆಯ ದೀಪಾವಳಿ ‘ಕಿಲ್ಲಾ’ (ಪುಟ್ಟ ಮಣ್ಣಿನ ಕೋಟೆ ಕಟ್ಟುವ) ಸ್ಪರ್ಧೆಗೆ ಎರಡನೇ ತರಗತಿಯ ಮಗಳು ಕಟ್ಟಿದ ರಾಯಗಡ, ಅಂದರೆ ಶಿವಾಜಿಯ ಬೆಟ್ಟದ ಕೋಟೆ, ಒಣಗಿದಂತೆಲ್ಲ ಬಿರುಕು ಬಿಡುತ್ತಿದೆ ಎಂದು ಹೋದ ವಾರ ಕೇಳಿದ್ದೆನಲ್ಲ?

ಸಿಮೆಂಟ್ ಬೆರೆಸಿದ್ದು ದಂಡವಾಯಿತು. ‘ಅಮ್ಮಾ, ಇದು ಬೆಟ್ಟವಲ್ಲ, ನೀರಿನ ಟಾಕಿ’ ಎಂದು ಮಗಳು ಮುಖ ಸಿಂಡರಿಸಿದಳು. ಗೆದ್ದದ್ದು ನನ್ನ ಪ್ರಶ್ನೆಗೆ ಧಾರವಾಡದ ಅಕ್ಕನವರು ಕೊಟ್ಟ ಉಪಾಯ: ಇಟ್ಟಿಗೆ ಚೂರುಗಳ ಗುಡ್ಡೆಗೆ ಕೆಸರಿನಲ್ಲಿ ಅದ್ದಿದ ಗೋಣಿಚೀಲ ಹೊದಿಸುವುದು. ಚೀಲದ ಮಡಿಕೆಗಳೇ ಕಣಿವೆಗಳಾದವು! ಎರಚಿದ ಸಾಸಿವೆ ನಾಲ್ಕೇ ದಿನಕ್ಕೆ ಹಸಿರಾಯಿತು; ರಾಗಿ ಮಾತ್ರ ಗುಬ್ಬಿಗಳ ಪಾಲು.

ಬಹುಮಾನ ಬರಲಿಲ್ಲ. ಆದರೆ ಶಿವಾಜಿಯ ತಂದೆ ಶಹಾಜಿಯ ಸಮಾಧಿ ಇರುವುದು ನಮ್ಮ ಚನ್ನಗಿರಿ ಬಳಿಯ ಹೊದಿಗೆರೆಯಲ್ಲಿ ಎಂದು ಈ ನೆಪದಲ್ಲಿ ನನಗೂ ತಿಳಿಯಿತು. ಮಗಳು ಅದನ್ನು ತರಗತಿಯಲ್ಲಿ ಹೇಳಿ, ಟೀಚರ್ ಕೈಯಲ್ಲಿ ಎರಡು ಚಕ್ಕುಲಿ ಗಿಟ್ಟಿಸಿಕೊಂಡು ಬಂದಿದ್ದಾಳೆ.