ಒಂದೂವರೆ ನಿಮಿಷ ಪ್ಲ್ಯಾಂಕ್ ಮಾಡ್ತೀನಿ, ಆದ್ರೂ ನೀರಿನ ಕ್ಯಾನ್ ಎತ್ತಿದ್ರೆ ಸೊಂಟ ಹಿಡಿಯುತ್ತೆ

ಪ್ರಶ್ನೆ (ಸದಸ್ಯೆ, ಶಿವಮೊಗ್ಗ):
ನಮಸ್ತೆ ಮೇಡಂ. ನನಗೆ 41 ವರ್ಷ, ಮನೆಯಲ್ಲೇ ಹೊಲಿಗೆ ಕೆಲಸ. ದಿನಕ್ಕೆ ಐದಾರು ಗಂಟೆ ಮಿಷನ್ ಮುಂದೆ ಬಗ್ಗಿ ಕೂತಿರುತ್ತೇನೆ. ಬೆನ್ನು ಗೂನಾಗುತ್ತಿದೆ ಅಂತ ಮಗಳು ಬೈದಳು. ಅದಕ್ಕೇ ಮೂರು ತಿಂಗಳಿಂದ ಮೊಬೈಲ್ ನೋಡಿಕೊಂಡು ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳ ಮೇಲೆ ಮೈ ನೆಟ್ಟಗೆ ಹಿಡಿಯುವ ವ್ಯಾಯಾಮ) ಮಾಡುತ್ತಿದ್ದೇನೆ. ಈಗ ಒಂದೂವರೆ ನಿಮಿಷ ನಿಲ್ಲುತ್ತೇನೆ. ಆದರೂ ಮೊನ್ನೆ 20 ಲೀಟರ್ ಕ್ಯಾನ್ ಸ್ಟ್ಯಾಂಡ್ ಮೇಲಿಡುವಾಗ ಸೊಂಟ ಹಿಡಿದುಕೊಂಡಿತು. ಕಾಲಿಗೆ ನೋವು ಇಳಿದಿಲ್ಲ, ಎರಡು ದಿನಕ್ಕೆ ಸರಿಹೋಯಿತು. ಒಳಗಿನ ಸ್ನಾಯು ಗಟ್ಟಿಯಾಗಬೇಕು, ಇಡೀ ದಿನ ಹೊಟ್ಟೆ ಒಳಗೆ ಎಳೆದುಕೊಂಡೇ ಇರಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಹೌದಾ?

ಉತ್ತರ (ಫಿಸಿಯೋಥೆರಪಿಸ್ಟ್):
ಮೊದಲು ಆ ಎಳೆದುಕೊಳ್ಳೋದನ್ನು ಬಿಡಿ. ಉಸಿರು ಎದೆಯಲ್ಲೇ ಸಿಕ್ಕಿಕೊಂಡು ಕುತ್ತಿಗೆ, ಭುಜ ಬಿಗಿಯುತ್ತವೆ, ಅಷ್ಟೇ.

ಒಳಗಿನ ಸ್ನಾಯು ಅಂದರೆ ಒಂದೇ ಅಲ್ಲ. ಮೇಲೆ, ಉಸಿರಾಡಿಸುವ ವಪೆ. ಕೆಳಗೆ, ಮೂತ್ರ ತಡೆದುಕೊಳ್ಳುವಾಗ ಬಿಗಿಯುವ ಸ್ನಾಯುಗಳು. ಹಿಂದೆ, ಬೆನ್ನುಮೂಳೆಗೆ ಅಂಟಿಕೊಂಡಿರುವ ಮಲ್ಟಿಫಿಡಸ್. ಹೊಟ್ಟೆಯ ಸುತ್ತಲೂ ಪಟ್ಟಿಯ ಹಾಗೆ ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್. ಹಮಾಲರು ಮೂಟೆ ಎತ್ತುವ ಮೊದಲು ಸೊಂಟಕ್ಕೆ ಟವೆಲ್ ಬಿಗಿಯುತ್ತಾರಲ್ವಾ? ಇದು ಒಳಗಿನ ಟವೆಲ್.

ಎತ್ತುವ ಮೊದಲು ಬಿಗಿಯಬೇಕು ಅನ್ನೋದೇ ಇಲ್ಲಿ ಮುಖ್ಯ. 1996ರಲ್ಲಿ ಆಸ್ಟ್ರೇಲಿಯಾದ ಪಾಲ್ ಹಾಡ್ಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ ಇದನ್ನು ಅಳೆದು ನೋಡಿದರು. ಸೊಂಟ ನೋವಿಲ್ಲದವರು ಕೈ ಎತ್ತಲು ಹೊರಟರೆ, ಕೈ ಅಲುಗುವ ಮೊದಲೇ ಈ ಟ್ರಾನ್ಸ್‌ವರ್ಸಸ್ ಕೆಲಸ ಶುರು ಮಾಡಿರುತ್ತಿತ್ತು. ನೋವಿದ್ದವರಲ್ಲಿ ತಡವಾಗುತ್ತಿತ್ತು. ಆಮೇಲೆ ಎಲ್ಲರೂ ಈ ಒಂದೇ ಸ್ನಾಯುವಿನ ಹಿಂದೆ ಬಿದ್ದರು, ಅದು ಸ್ವಲ್ಪ ಅತಿಯೇ ಆಯಿತು. ದಿನಾ ತಪ್ಪದೆ ಮಾಡುವ ಬೇರೆ ವ್ಯಾಯಾಮಗಳೂ ಕೊನೆಗೆ ಹೆಚ್ಚುಕಮ್ಮಿ ಅಷ್ಟೇ ಗುಣ ಕೊಡುತ್ತವೆ ಅಂತ ಮುಂದೆ ಗೊತ್ತಾಯಿತು. ಹಾಗಾಗಿ ಇದನ್ನು ಮಂತ್ರ ಅಂದುಕೊಳ್ಳಬೇಡಿ.

ಈಗ ನಿಮ್ಮ ವಿಷಯ. ಮಂಡಿ ಮಡಚಿ ಅಂಗಾತ ಮಲಗಿ. ಸೊಂಟದ ಮುಂದೆ ಎರಡು ಕಡೆ ಎಲುಬಿನ ತುದಿ ಸಿಗುತ್ತದೆ. ಅಲ್ಲಿಂದ ಒಂದು ಇಂಚು ಒಳಗೆ ಬೆರಳಿಡಿ. ನಿಧಾನವಾಗಿ ಉಸಿರು ಬಿಡುತ್ತಾ, ಟೈಟ್ ಪ್ಯಾಂಟಿನ ಜಿಪ್ ಹಾಕುವಾಗ ಮಾಡುವ ಹಾಗೆ, ಹೊಕ್ಕುಳ ಕೆಳಗಿನ ಹೊಟ್ಟೆಯನ್ನು ತುಸುವೇ ಒಳಗೆ ತನ್ನಿ. ಬೆರಳಿನಡಿ ಮೆಲ್ಲಗೆ ಬಿಗಿಯಬೇಕು. ಹೊಟ್ಟೆ ಉಬ್ಬಿ ಬೆರಳನ್ನು ಮೇಲಕ್ಕೆ ತಳ್ಳಿದರೆ ಹೊರಗಿನ ಸ್ನಾಯು ನುಗ್ಗಿದೆ ಅಂತ ಅರ್ಥ. ಉಸಿರಾಡುತ್ತಲೇ 10 ಸೆಕೆಂಡ್ ಹಿಡಿಯಿರಿ. ಹೀಗೆ 10 ಸಲ. ಪ್ಲ್ಯಾಂಕ್‌ನಲ್ಲಿ ನೀವು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೀರಿ ಅಂತ ನನ್ನ ಅನುಮಾನ. ಸರಿನಾ?

ಒಂದು ವಾರ ಆದ ಮೇಲೆ ಬರ್ಡ್ ಡಾಗ್. ಅಂಬೆಗಾಲಲ್ಲಿ ನಿಂತು ಬಲಗೈ, ಎಡಗಾಲು ಚಾಚಿ. ಆಮೇಲೆ ಕಡೆ ಬದಲಿಸಿ. ಸೊಂಟದ ಮೇಲೆ ಅರ್ಧ ಲೋಟ ನೀರಿಟ್ಟು ಮಾಡಿ ನೋಡಿ, ಸೊಂಟ ಎಲ್ಲಿ ವಾಲುತ್ತದೆ ಅಂತ ಅದೇ ಹೇಳುತ್ತದೆ.

ಕ್ಯಾನ್ ತುಂಬಿದ್ದರೆ 20 ಕೆಜಿಗಿಂತ ಜಾಸ್ತಿ. ಮೈಗೆ ಒತ್ತಿಕೊಂಡು, ಉಸಿರು ಬಿಡುತ್ತಾ ಎತ್ತಿ. ತಿರುಗಬೇಕಾದರೆ ಸೊಂಟ ತಿರುಚಬೇಡಿ, ಪಾದ ತಿರುಗಿಸಿ. ಅರ್ಧ ನೀರನ್ನು ಮೊದಲೇ ಬಿಂದಿಗೆಗೆ ಸುರಿದುಕೊಂಡರೆ ಇನ್ನೂ ಒಳ್ಳೆಯದು. ಹೊಲಿಯುವಾಗ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಬೆನ್ನು ನೆಟ್ಟಗಾಗೋಕೆ ಯಾವ ವ್ಯಾಯಾಮಕ್ಕಿಂತಲೂ ಇದೇ ಮೊದಲು.

ಕಾಲು ಜೋಮು ಹಿಡಿದರೆ, ಬಲ ಕಮ್ಮಿಯಾದರೆ ಗುಂಪಿನಲ್ಲಿ ಕೇಳುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ. ಮೂತ್ರ, ಮಲದ ಹಿಡಿತ ತಪ್ಪಿದರೆ ಆ ಕ್ಷಣವೇ ಆಸ್ಪತ್ರೆಗೆ.

ಇನ್ನೊಬ್ಬ ಸದಸ್ಯರು:
ಮೇಡಂ, ಸೊಂಟದ ಬೆಲ್ಟ್ ಕಟ್ಟಿಕೊಂಡರೆ ಸಾಲದಾ?

ಉತ್ತರ:
ನೋವು ಜೋರಿದ್ದಾಗ ನಾಲ್ಕು ದಿನ ಕಟ್ಟಿ ಸರ್, ತಪ್ಪಿಲ್ಲ. ವರ್ಷಗಟ್ಟಲೆ ಬೇಡ.

ಸದಸ್ಯೆ, ಶಿವಮೊಗ್ಗ (ಹತ್ತು ದಿನದ ನಂತರ):
ಮೇಡಂ, ಉಸಿರು ಬಿಗಿಹಿಡಿಯುತ್ತಿದ್ದದ್ದು ನಿಜ. ಲೋಟ ಮೂರು ಸಲ ಉರುಳಿತು, ಚಾಪೆಯೆಲ್ಲ ಒದ್ದೆ. ಎಡಗಾಲು ಎತ್ತಿದಾಗ ಮಾತ್ರ ಬೀಳುತ್ತೆ.

ಉತ್ತರ:
ಸದ್ಯಕ್ಕೆ ಎಡಗಾಲು ಎತ್ತಬೇಡಿ. ಹೆಬ್ಬೆರಳು ನೆಲ ಬಿಡದ ಹಾಗೆ ಹಿಂದಕ್ಕೆ ಜಾರಿಸಿ, ಕೈ ಎರಡೂ ನೆಲದ ಮೇಲೇ ಇರಲಿ. ಲೋಟ ನಿಂತ ಮೇಲೆ ಎತ್ತಿದರಾಯಿತು. ಮತ್ತೆ, ಲೋಟ ಖಾಲಿ ಇದ್ದರೂ ನಡೆಯುತ್ತೆ, ಚಾಪೆ ಒಣಗಲಿ.